ವೋಲ್ಟೇಜ್ ಬಿದ್ದ ಕೂಡಲೇ ಸ್ಟ್ಯಾಕ್ ಬಿಚ್ಚಬೇಡಿ: ಮೆಥನಾಲ್ ಮತ್ತು ಅಮೋನಿಯಾ ಹೈಡ್ರೋಜನ್ ಘಟಕಗಳ ದೋಷ ನಿವಾರಣೆ

ಹೈಡ್ರೋಜನ್‌ನಿಂದ ವಿದ್ಯುತ್ ಮಾಡುವ ಇಂಧನ ಕೋಶದ ವೋಲ್ಟೇಜ್ ಇಳಿದರೆ ಎಲ್ಲರ ಕೈಯೂ ಮೊದಲು ಹೋಗುವುದು ಸ್ಟ್ಯಾಕ್‌ನ (ಸಾಲಾಗಿ ಜೋಡಿಸಿದ ಕೋಶಗಳ ಕಟ್ಟಿನ) ಬೋಲ್ಟುಗಳ ಕಡೆಗೆ. ಅಲ್ಲಿ ಏನೂ ಸಿಗದಿದ್ದರೆ ಮುಂದಿನ ಆರೋಪಿ ವೇಗವರ್ಧಕ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಸರಿಯಾಗಿದ್ದ ಸ್ಟ್ಯಾಕ್ ಬಿಚ್ಚಿ ಸೋರಿಕೆ ತಂದುಕೊಳ್ಳುವುದು, ಚೆನ್ನಾಗಿದ್ದ ವೇಗವರ್ಧಕವನ್ನು ಗಾಳಿಗೆ ತೆರೆದು ಕೆಡಿಸಿಕೊಳ್ಳುವುದು ಈ ಕೆಲಸದಲ್ಲಿ ಮಾಮೂಲು. ನಾನೂ ಎರಡನ್ನೂ ಮಾಡಿದ್ದೇನೆ. ನಾನು ನೋಡಿದ ಮಟ್ಟಿಗೆ ನಿಜವಾದ ದೋಷ ಸಿಕ್ಕಿದ್ದು ಹೆಚ್ಚಾಗಿ ಅವೆರಡಕ್ಕೂ ಹೊರಗೆ: ಕ್ಯಾನಿನೊಳಗಿನ ದ್ರಾವಣದಲ್ಲಿ, ಪಂಪಿನಲ್ಲಿ, ಉಷ್ಣಾಂಶ ಅಳೆಯುವ ಥರ್ಮೋಕಪಲ್ ಕೂತ ಜಾಗದಲ್ಲಿ, ಕೆಲವೊಮ್ಮೆ ಗೋಡೆಯಾಚೆಗಿನ ಹೊಗೆ ಕೊಳವೆಯಲ್ಲಿ.

ಇಲ್ಲಿ ಬರೆದಿರುವುದು ಸುಮಾರು 1 ಕಿಲೋವಾಟ್ ಗಾತ್ರದ ಘಟಕಗಳನ್ನು ನಡೆಸುವವರಿಗಾಗಿ. ಮೆಥನಾಲ್ ಕಡೆ ತಾಮ್ರ, ಸತು ಆಕ್ಸೈಡ್, ಅಲ್ಯುಮಿನಾ ವೇಗವರ್ಧಕ ತುಂಬಿದ ರಿಫಾರ್ಮರ್ (ಮೆಥನಾಲ್ ಮತ್ತು ನೀರಿನ ಆವಿಯಿಂದ ಹೈಡ್ರೋಜನ್ ಮಾಡುವ ಪಾತ್ರೆ), 220ರಿಂದ 280 ಡಿಗ್ರಿ ಸೆಲ್ಸಿಯಸ್. ಅಮೋನಿಯಾ ಕಡೆ ರುಥೇನಿಯಂ ಅಥವಾ ನಿಕ್ಕಲ್ ತುಂಬಿದ ಕ್ರ್ಯಾಕರ್ (ಅಮೋನಿಯಾವನ್ನು ಕಾಯಿಸಿ ಹೈಡ್ರೋಜನ್, ನೈಟ್ರೋಜನ್ ಆಗಿ ಒಡೆಯುವ ಪಾತ್ರೆ). ಎರಡರ ಮುಂದೆಯೂ 60ರಿಂದ 80 ಡಿಗ್ರಿಯಲ್ಲಿ ನಡೆಯುವ, ಪಾಲಿಮರ್ ಪೊರೆಯ ಸ್ಟ್ಯಾಕ್. ನಿಮ್ಮದು ಫಾಸ್ಫಾರಿಕ್ ಆಮ್ಲ ಹೀರಿದ ಪಿಬಿಐ (ಶಾಖ ತಡೆಯುವ ಒಂದು ಪಾಲಿಮರ್) ಪೊರೆಯ, 160 ಡಿಗ್ರಿಗಿಂತ ಮೇಲೆ ನಡೆಯುವ ಸ್ಟ್ಯಾಕ್ ಆಗಿದ್ದರೆ ಶೇ 1ರಷ್ಟು ಕಾರ್ಬನ್ ಮಾನಾಕ್ಸೈಡನ್ನೂ ಅದು ಸಹಿಸುತ್ತದೆ. ಕೆಳಗಿನ ಅರ್ಧದಷ್ಟು ಚಿಂತೆ ನಿಮಗಿಲ್ಲ.

ಒಂದು ಲೆಕ್ಕವನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. 1 ಕಿಲೋವಾಟ್‌ಗೆ ನಿಮಿಷಕ್ಕೆ ಸುಮಾರು 11 ಲೀಟರ್ ಹೈಡ್ರೋಜನ್ ಬೇಕು. ಗಾತ್ರದಲ್ಲಿ 60 ಪಾಲು ಮೆಥನಾಲ್, 40 ಪಾಲು ನೀರು ಬೆರೆಸಿದ ದ್ರಾವಣದ 1 ಮಿಲಿಲೀಟರ್ ಪೂರ್ತಿ ಪರಿವರ್ತನೆಯಾದರೆ ಸುಮಾರು 1.1 ಲೀಟರ್ ಹೈಡ್ರೋಜನ್ ಕೊಡುತ್ತದೆ. 1 ಗ್ರಾಂ ಅಮೋನಿಯಾ ಕೊಡುವುದು ಸುಮಾರು 2.2 ಲೀಟರ್. ಪಂಪ್ ಎಷ್ಟು ಕಳುಹಿಸುತ್ತಿದೆ, ಅತ್ತ ಎಷ್ಟು ಬರುತ್ತಿದೆ ಎಂಬ ಲೆಕ್ಕವೇ ತಾಳೆಯಾಗದಿದ್ದರೆ ವಿಷ, ಪೊರೆ, ಪ್ಲಾಟಿನಂ ಎಂದು ತಲೆ ಕೆಡಿಸಿಕೊಳ್ಳುವುದು ವ್ಯರ್ಥ.

ಸ್ಪ್ಯಾನರ್ ಹಿಡಿಯುವ ಮುನ್ನ

ಹೈಡ್ರೋಜನ್ ಜ್ವಾಲೆಯೂ ಮೆಥನಾಲ್ ಜ್ವಾಲೆಯೂ ಹಗಲು ಬೆಳಕಿನಲ್ಲಿ ಬಹುಮಟ್ಟಿಗೆ ಕಾಣುವುದಿಲ್ಲ. ಗಾಳಿಯಲ್ಲಿ ಶೇ 4ರಿಂದ 75ರವರೆಗೆ ಹೈಡ್ರೋಜನ್ ಇದ್ದರೆ ಕಿಡಿ ಸಾಕು. ಮೆಥನಾಲ್ ಕುಡಿದರೆ ಮಾತ್ರವಲ್ಲ, ಚರ್ಮದ ಮೂಲಕ ಒಳಗೆ ಹೋದರೂ ಕಣ್ಣು ಕಳೆಯುವ ವಿಷ. ಸಾಮಾನ್ಯ ಇದ್ದಿಲಿನ ಮಾಸ್ಕ್ ಅದರ ಆವಿಯನ್ನು ಹೆಚ್ಚು ಹೊತ್ತು ತಡೆಯುವುದಿಲ್ಲ. ಅಮೋನಿಯಾ ಕೆಲಸದ ಕೋಣೆಯಲ್ಲಿ 25 ಪಿಪಿಎಂ (ಹತ್ತು ಲಕ್ಷದಲ್ಲಿ 25 ಪಾಲು) ದಾಟಬಾರದು. 300 ಪಿಪಿಎಂ ಎಂದರೆ ಓಡಬೇಕಾದ ಮಟ್ಟ. ಕಣ್ಣು ಉರಿಯುತ್ತಿರುವಾಗ ಸೋರಿಕೆ ಹುಡುಕಲು ಒಳಗೆ ನುಗ್ಗುವವನು ಧೈರ್ಯವಂತನಲ್ಲ, ಮುಂದಿನ ರೋಗಿ. ಸಿಲಿಂಡರ್ ವಾಲ್ವ್ ಮುಚ್ಚಿ, ಘಟಕವನ್ನು ನೈಟ್ರೋಜನ್‌ನಿಂದ ತೊಳೆದು, ತಣಿಸಿದ ಮೇಲೆಯೇ ಏನನ್ನಾದರೂ ಬಿಚ್ಚಿ.

ಇನ್ನೊಂದು ಮಾತು. ಅಪಕರ್ಷಣೆಗೊಂಡ ತಾಮ್ರದ ವೇಗವರ್ಧಕ ಗಾಳಿ ಸೋಕಿದರೆ ತಾನೇ ಕಾದು ಕೆಂಡವಾಗಬಹುದು. ಹಾಸನ್ನು (ಒಳಗೆ ತುಂಬಿದ ವೇಗವರ್ಧಕದ ರಾಶಿಯನ್ನು) ಹೊರತೆಗೆಯಲೇಬೇಕಾದರೆ ಮೊದಲು ನೈಟ್ರೋಜನ್‌ನಲ್ಲಿ ತೀರ ಸ್ವಲ್ಪ ಗಾಳಿ ಬೆರೆಸಿ, ಉಷ್ಣಾಂಶ ನೋಡುತ್ತಾ, ಗಂಟೆಗಟ್ಟಲೆ ನಿಧಾನವಾಗಿ ಆಕ್ಸಿಡೀಕರಿಸಬೇಕು. ಈ ತಾಪತ್ರಯವೊಂದೇ ಸಾಕು, ವೇಗವರ್ಧಕವನ್ನು ಕೊನೆಯ ಆರೋಪಿಯಾಗಿ ಇಟ್ಟುಕೊಳ್ಳಲು.

ವೋಲ್ಟೇಜ್ ಹೇಗೆ ಬೀಳುತ್ತಿದೆ?

ಎಷ್ಟು ಬಿದ್ದಿದೆ ಎಂಬುದಕ್ಕಿಂತ ಹೇಗೆ ಬಿತ್ತು ಎಂಬುದು ಹೆಚ್ಚು ಹೇಳುತ್ತದೆ. ಹೊರೆಯನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಿ, ಒಂದು ಗಂಟೆಯ ದಾಖಲೆ ತೆಗೆಯಿರಿ. ಆಮೇಲೆ ರಿಫಾರ್ಮರ್ ಅಥವಾ ಕ್ರ್ಯಾಕರ್‌ನ ಅನಿಲ ನಿಲ್ಲಿಸಿ, ಸಿಲಿಂಡರ್‌ನ ಶುದ್ಧ ಹೈಡ್ರೋಜನ್ ಕೊಟ್ಟು ಇನ್ನೊಂದು ಗಂಟೆ ನೋಡಿ. ಅದರ ಜೊತೆಗೆ, ಬ್ಯಾಟರಿಯ ಒಳರೋಧ ಅಳೆಯುವ 1 ಕಿಲೋಹರ್ಟ್ಸ್ ಮಿಲಿಓಮ್ ಮೀಟರಿನಿಂದ ಸ್ಟ್ಯಾಕ್‌ನ ರೋಧವನ್ನು ಮೊದಲೂ ಕೊನೆಗೂ ಅಳೆಯಿರಿ (ಮೀಟರಿನ ವೋಲ್ಟೇಜ್ ಮಿತಿ ನೋಡಿಕೊಂಡು). ಖರ್ಚು ಒಂದಿಷ್ಟು ಹೈಡ್ರೋಜನ್. ಬಿಚ್ಚುವ ಕೆಲಸದಲ್ಲಿ ಮುಕ್ಕಾಲು ಪಾಲು ಇದರಿಂದ ಉಳಿಯುತ್ತದೆ.

ಕೆಲವೇ ನಿಮಿಷಗಳಲ್ಲಿ ವೋಲ್ಟೇಜ್ ಜಾರಿ, ಕೆಳಗಿನ ಒಂದು ಮಟ್ಟದಲ್ಲಿ ನಿಂತು, ಶುದ್ಧ ಹೈಡ್ರೋಜನ್ ಕೊಟ್ಟಾಗ ಮತ್ತೆ ಏರಿದರೆ, ಮಿಲಿಓಮ್ ಮೀಟರ್ ಇದ್ದಲ್ಲೇ ಇದ್ದರೆ, ಅದು ಕಾರ್ಬನ್ ಮಾನಾಕ್ಸೈಡ್. ಈ ಉಷ್ಣಾಂಶದಲ್ಲಿ ಅದು ಪ್ಲಾಟಿನಂ ಮೇಲೆ ಕುಳಿತು ಹೈಡ್ರೋಜನ್‌ಗೆ ಜಾಗ ಬಿಡುವುದಿಲ್ಲ. 10 ಪಿಪಿಎಂ ಇದ್ದರೂ ತೊಂದರೆ ಕಾಣಿಸುತ್ತದೆ, 100 ಪಿಪಿಎಂ ಇದ್ದರೆ ಸ್ಟ್ಯಾಕ್ ಮಂಡಿಯೂರುತ್ತದೆ. ಹೊರೆ ಕಡಿಮೆ ಇದ್ದಾಗ ಇದರ ಪ್ರಭಾವ ಅಷ್ಟಾಗಿ ತಿಳಿಯದು, ಹೊರೆ ಏರಿಸಿದಾಗ ಗೊತ್ತಾಗುತ್ತದೆ.

ಗಂಟೆಗಟ್ಟಲೆ ಸಣ್ಣಗೆ, ಸದ್ದಿಲ್ಲದೆ ಇಳಿಯುತ್ತಾ ಹೋಗಿ, ಜೊತೆಗೆ ರೋಧವೂ ಏರುತ್ತಿದ್ದರೆ ಅಮೋನಿಯಾ ಒಳಗೆ ಬರುತ್ತಿದೆ ಎಂದು ಅನುಮಾನಿಸಿ. ಅದು ಪೊರೆಯ ಆಮ್ಲದ ಜೊತೆ ಸೇರಿ ಅಮೋನಿಯಂ ಅಯಾನ್ ಆಗುತ್ತದೆ. ಪ್ರೋಟಾನ್ ಕೂರಬೇಕಾದ ಕುರ್ಚಿಯಲ್ಲಿ ತಾನು ಕೂರುತ್ತದೆ. ಶುದ್ಧ ಹೈಡ್ರೋಜನ್ ಕೊಟ್ಟರೂ ಕೂಡಲೇ ಏಳುವುದಿಲ್ಲ. ಸ್ವಲ್ಪ ಹೊತ್ತಿನ ಸೋಂಕಾದರೆ ಗಂಟೆಗಳಲ್ಲಿ ಒಂದಿಷ್ಟು ಚೇತರಿಕೆ ಕಾಣುತ್ತದೆ, ದಿನಗಟ್ಟಲೆ ಬಿಟ್ಟಿದ್ದರೆ ಹೋದದ್ದು ಹೋಯಿತು. ವಾಹನಗಳ ಹೈಡ್ರೋಜನ್‌ಗೆ ಐಎಸ್‌ಒ 14687 ಮಾನದಂಡ ಕಾರ್ಬನ್ ಮಾನಾಕ್ಸೈಡನ್ನು 0.2 ಪಿಪಿಎಂವರೆಗೆ ಬಿಟ್ಟು, ಅಮೋನಿಯಾವನ್ನು 0.1 ಪಿಪಿಎಂಗೆ ಕಟ್ಟಿಹಾಕಿರುವುದನ್ನು ನೋಡಿದರೆ ಯಾವುದನ್ನು ಎಷ್ಟು ಗಂಭೀರವಾಗಿ ಎಣಿಸಿದ್ದಾರೆ ಎಂದು ತಿಳಿಯುತ್ತದೆ. ಒಂದು ಎಚ್ಚರಿಕೆ: ಪೊರೆ ಒಣಗಿದರೂ ರೋಧ ಏರುತ್ತದೆ. ಮೊದಲು ತೇವ ಹೆಚ್ಚಿಸಿ ನೋಡಿ. ಕೆಲ ನಿಮಿಷಗಳಲ್ಲಿ ರೋಧ ಇಳಿದರೆ ಅಮೋನಿಯಾ ನಿರಪರಾಧಿ.

ಮೂರನೆಯದು ಗರಗಸದ ಹಲ್ಲು. ವೋಲ್ಟೇಜ್ ಮೆಲ್ಲಗೆ ಇಳಿಯುತ್ತದೆ, ಪರ್ಜ್ ವಾಲ್ವ್ (ಒಳಗೆ ಕೂಡಿದ ಅನಿಲವನ್ನು ಹೊರಬಿಡುವ ವಾಲ್ವ್) ತೆರೆದಾಗ ಚಂಗನೆ ಏರುತ್ತದೆ, ಮತ್ತೆ ಇಳಿಯುತ್ತದೆ. ಇದು ವಿಷವಲ್ಲ, ಉಸಿರುಗಟ್ಟುವಿಕೆ. ಮೆಥನಾಲ್ ರಿಫಾರ್ಮರ್‌ನ ಅನಿಲವನ್ನು ಒಣಗಿಸಿದರೆ ಅದರಲ್ಲಿ ಮುಕ್ಕಾಲು ಹೈಡ್ರೋಜನ್, ಕಾಲು ಭಾಗ ಕಾರ್ಬನ್ ಡೈಆಕ್ಸೈಡ್. ಅಮೋನಿಯಾ ಕ್ರ್ಯಾಕರ್‌ನದರಲ್ಲೂ ಮುಕ್ಕಾಲು ಹೈಡ್ರೋಜನ್, ಕಾಲು ಭಾಗ ನೈಟ್ರೋಜನ್. ಕೋಶಕ್ಕೆ ಬೇಡವಾದ ಆ ಕಾಲು ಭಾಗ ಹೊರಗೆ ಹೋಗಲೇಬೇಕು. 100 ಲೀಟರ್ ಒಳಹೋಗಿ ಹೈಡ್ರೋಜನ್‌ನ ಶೇ 80ರಷ್ಟು ಬಳಕೆಯಾದರೆ ಹೊರಬರುವ 40 ಲೀಟರಿನಲ್ಲಿ ಹೈಡ್ರೋಜನ್ 15 ಲೀಟರ್ ಮಾತ್ರ. ಶೇ 90ರಷ್ಟು ಹಿಂಡಲು ಹೋದರೆ ಹೊರಗೆ ಬರುವುದು ನಾಲ್ಕರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಹೈಡ್ರೋಜನ್ ಇರುವ ಅನಿಲ. ಕೊನೆಯ ಕೋಶಗಳು ಹಸಿದು ತಮ್ಮ ಎಲೆಕ್ಟ್ರೋಡಿನ ಇಂಗಾಲವನ್ನೇ ತಿನ್ನಲು ಶುರುಮಾಡುತ್ತವೆ. ಶುದ್ಧ ಹೈಡ್ರೋಜನ್‌ಗೆಂದು ಮಾಡಿದ, ತುದಿ ಮುಚ್ಚಿ ಆಗಾಗ ಪರ್ಜ್ ಮಾಡುವ ಸ್ಟ್ಯಾಕನ್ನು ಇಂಥ ಅನಿಲಕ್ಕೆ ಹಾಗೆಯೇ ಜೋಡಿಸಿದವರು ಮೊದಲ ದಿನವೇ ಈ ಗರಗಸ ನೋಡುತ್ತಾರೆ.

ಇವು ಮೂರೂ ಅಲ್ಲದೆ ವೋಲ್ಟೇಜ್ ನಡುಗುತ್ತಿದ್ದರೆ, ಆ ನಡುಕವನ್ನು ಎಣಿಸಿ. ಪಂಪಿನ ಹೊಡೆತದ ಲಯಕ್ಕೆ ಅದು ಹೊಂದಿದರೆ ನೇರವಾಗಿ ಆವಿಪಾತ್ರೆಯ ಕಡೆ ಹೋಗಿ.

ಮೆಥನಾಲ್ ಕಡೆ: ಮೊದಲು ಕೆಳಗಿನ ಬಾಟಲಿ

ರಿಫಾರ್ಮರ್‌ನ ಅನಿಲ ತಣಿದು ನೀರು ಬೀಳುವ ಬಾಟಲಿಯನ್ನು ಯಾರೂ ನೋಡುವುದಿಲ್ಲ. ಅದು ತುಂಬಿದಾಗ ಸಿಂಕಿಗೆ ಸುರಿಯುತ್ತಾರೆ. ಇಡೀ ಘಟಕದಲ್ಲಿ ಅಷ್ಟು ಅಗ್ಗವಾಗಿ ಅಷ್ಟು ನಿಜ ಹೇಳುವ ಸಾಧನ ಇನ್ನೊಂದಿಲ್ಲ.

60:40 ದ್ರಾವಣ 100 ಮಿಲಿಲೀಟರ್ ಖರ್ಚಾದಾಗ, ಪರಿವರ್ತನೆ ಪೂರ್ತಿಯಾಗಿದ್ದರೆ, ಆ ಬಾಟಲಿಗೆ ಬೀಳಬೇಕಾದದ್ದು ಸುಮಾರು 10ರಿಂದ 14 ಮಿಲಿಲೀಟರ್ ಬರಿಯ ನೀರು. ಅದನ್ನು ಅಳತೆಯ ಜಾಡಿಗೆ ಹಾಕಿ, ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಬಿಡಿ. 1.00ರ ಹತ್ತಿರ ನಿಂತರೆ ರಿಫಾರ್ಮರ್ ತನ್ನ ಕೆಲಸ ಮಾಡುತ್ತಿದೆ. 25 ಮಿಲಿಲೀಟರ್ ಬಂದು, ಹೈಡ್ರೋಮೀಟರ್ 0.97ಕ್ಕೆ ಮುಳುಗಿದರೆ ಬಾಟಲಿಯ ದ್ರವದ ತೂಕದಲ್ಲಿ ಐದನೆಯ ಒಂದು ಪಾಲಿನ ಹತ್ತಿರ ಬದಲಾಗದೆ ದಾಟಿ ಬಂದ ಮೆಥನಾಲ್. ಮೂಗಿನಿಂದ ಪರೀಕ್ಷಿಸುವ ಅಭ್ಯಾಸ ಬೇಡ. ಬಾಟಲಿಯ ತಳದಲ್ಲಿ ಕಪ್ಪು ಪುಡಿ ಕಂಡರೆ ವೇಗವರ್ಧಕದ ಗುಳಿಗೆಗಳು ಒಡೆಯುತ್ತಿವೆ. ತಣ್ಣಗಿರುವ ಹಾಸಿನ ಮೇಲೆ ಹಬೆ ಬಿಟ್ಟು, ಅದು ಗುಳಿಗೆಗಳ ಮೇಲೆಯೇ ನೀರಾಗಿ, ಮತ್ತೆ ಕಾಯಿಸಿದಾಗ ಗುಳಿಗೆ ಸಿಡಿಯುವುದು ಇದರ ಸಾಮಾನ್ಯ ಕಾರಣ. ಶುರುಮಾಡುವಾಗ ಹಾಸು 150 ಡಿಗ್ರಿ ದಾಟುವವರೆಗೆ ಒಣ ಅನಿಲವನ್ನಷ್ಟೇ ಹರಿಸಿ, ನಿಲ್ಲಿಸುವಾಗಲೂ ತಣಿಯುವ ಮೊದಲೇ ಹಬೆಯನ್ನು ನೈಟ್ರೋಜನ್‌ನಿಂದ ಹೊರದೂಡಿ.

ಇನ್ನು ದ್ರಾವಣ. 60:40 ಎಂದರೆ ಗಾತ್ರವೋ ತೂಕವೋ? ಗಾತ್ರದಲ್ಲಿ ಬೆರೆಸಿದರೆ ಒಂದು ಮೆಥನಾಲ್ ಅಣುವಿಗೆ ಒಂದೂವರೆ ನೀರಿನ ಅಣು ಸಿಗುತ್ತದೆ. ತೂಕದಲ್ಲಿ ಬೆರೆಸಿದರೆ 1.2 ಮಾತ್ರ. ಎರಡೂ ಕ್ಯಾನುಗಳ ಮೇಲೆ ಒಂದೇ ಚೀಟಿ, ನೋಡಲು ಎರಡೂ ಒಂದೇ ನೀರಿನಂತೆ. ನೀರು ಕಡಿಮೆಯಾದರೆ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ, ಅದನ್ನು ಶುದ್ಧಿ ಮಾಡುವ ಹಂತದ ಮೇಲೆ ಹೊರೆ ಬೀಳುತ್ತದೆ, ಕೊನೆಗೆ ಬೈಗುಳ ಸ್ಟ್ಯಾಕಿಗೆ. 20 ಡಿಗ್ರಿಯಲ್ಲಿ ಗಾತ್ರದ ಮಿಶ್ರಣದ ಸಾಂದ್ರತೆ ಸುಮಾರು 0.91, ತೂಕದ ಮಿಶ್ರಣದ್ದು 0.89ರ ಆಸುಪಾಸು. ಅದೇ ಹೈಡ್ರೋಮೀಟರ್ ಇಲ್ಲೂ ಸಾಕು. ಕ್ಯಾನು ಬದಲಾಯಿಸಿದ ದಿನಾಂಕವನ್ನು ವೋಲ್ಟೇಜ್ ದಾಖಲೆಯ ಪಕ್ಕದಲ್ಲೇ ಬರೆದಿಡಿ. ಎಷ್ಟೋ ನಿಗೂಢ ದೋಷಗಳು ಕ್ಯಾನು ಬದಲಾದ ದಿನವೇ ಹುಟ್ಟಿರುತ್ತವೆ.

ನೀರಿನ ವಿಷಯದಲ್ಲಿ ನಮ್ಮವರ ಧಾರಾಳ ದೊಡ್ಡದು. ಮನೆಯ ಆರ್‌ಒ ಯಂತ್ರದ ನೀರು ಕುಡಿಯಲು ಒಳ್ಳೆಯದು, ಆದರೆ ಅದರಲ್ಲಿ ಉಳಿಯುವ ಕ್ಲೋರೈಡ್ ತಾಮ್ರದ ವೇಗವರ್ಧಕಕ್ಕೆ ನಿಧಾನ ವಿಷ. ಬೋರ್‌ವೆಲ್ ನೀರಾದರೆ ಆವಿಪಾತ್ರೆಯ ಒಳಗೋಡೆಯಲ್ಲಿ ಸ್ನಾನದ ಮನೆಯ ಗೀಸರ್ ಕಾಯಿಲ್‌ನ ಮೇಲೆ ಕಟ್ಟುವಂಥದೇ ಬಿಳಿ ಪದರ ಕಟ್ಟುತ್ತದೆ. ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರನ್ನೂ ಅಳೆಯದೆ ಹಾಕಬೇಡಿ. ಅಯಾನ್‌ರಹಿತ ನೀರಿನ ವಾಹಕತೆ ಸೆಂಟಿಮೀಟರಿಗೆ ಒಂದೆರಡು ಮೈಕ್ರೋಸೀಮೆನ್ಸ್ ದಾಟದಿದ್ದರೆ ಸರಿ. ಮೆಥನಾಲ್‌ನಲ್ಲೂ ಗಂಧಕ, ಕ್ಲೋರೈಡ್ ಇಲ್ಲದ ದರ್ಜೆಯನ್ನೇ ಕೇಳಿ ತರಿಸಿ.

ಆವಿಪಾತ್ರೆಯ ನಡುಕಕ್ಕೆ ಕಾರಣ ಸರಳ. ಮೆಥನಾಲ್ ಕುದಿಯುವುದು 64.7 ಡಿಗ್ರಿಯಲ್ಲಿ, ನೀರು 100ರಲ್ಲಿ. ಹನಿಹನಿಯಾಗಿ ಬಿದ್ದ ದ್ರಾವಣದಲ್ಲಿ ಮೆಥನಾಲ್ ಮುಂದೆ ಓಡುತ್ತದೆ, ನೀರು ಹಿಂದುಳಿಯುತ್ತದೆ. ಹಾಸಿನೊಳಗೆ ಒಮ್ಮೆ ಮೆಥನಾಲ್ ಹೆಚ್ಚಾದ ಆವಿ, ಇನ್ನೊಮ್ಮೆ ಬರಿಯ ಹಬೆ. ಮೀಟರಿನಲ್ಲಿ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಪಂಪಿನ ನಂತರ ಸಣ್ಣ ಪ್ರತಿಒತ್ತಡದ ವಾಲ್ವ್ ಹಾಕಿ, ಆವಿಪಾತ್ರೆಯೊಳಗೆ ಸ್ಟೀಲ್ ಉಣ್ಣೆ ಅಥವಾ ಸ್ಟೀಲ್ ಚೂರು ತುಂಬಿ ಹನಿ ಹರಡುವಂತೆ ಮಾಡಿದರೆ ಬಹುಪಾಲು ನಡುಕ ನಿಲ್ಲುತ್ತದೆ. ಪಂಪ್ ಗಾಳಿ ಎಳೆಯುತ್ತಿದೆಯೇ ಎಂದು ಒಮ್ಮೆ ಪಾರದರ್ಶಕ ಕೊಳವೆಯನ್ನೂ ನೋಡಿ.

ಉಷ್ಣಾಂಶ ಎಲ್ಲಿಯದು?

ರಿಫಾರ್ಮಿಂಗ್ ಶಾಖ ಕುಡಿಯುವ ಕ್ರಿಯೆ: ಒಂದು ಮೋಲ್ ಮೆಥನಾಲ್‌ಗೆ ಸುಮಾರು 49 ಕಿಲೋಜೌಲ್. ಹಾಗಾಗಿ ಗೋಡೆ 280 ಡಿಗ್ರಿ ತೋರಿಸುವಾಗ ಹಾಸಿನ ನಡುಭಾಗ, ಅದರಲ್ಲೂ ಆವಿ ಒಳಬರುವ ತುದಿ, ಅದಕ್ಕಿಂತ ಎಷ್ಟೋ ತಣ್ಣಗಿರಬಹುದು. ಥರ್ಮೋಕಪಲ್ ಗೋಡೆಗೆ ಒರಗಿಕೊಂಡಿದ್ದರೆ ನೀವು ನಿಯಂತ್ರಿಸುತ್ತಿರುವುದು ಗೋಡೆಯನ್ನು, ಕ್ರಿಯೆಯನ್ನಲ್ಲ. ನಡುವಿನ ಕೊಳವೆಯಲ್ಲಿ ಒಂದೇ ಥರ್ಮೋಕಪಲ್ಲನ್ನು ಒಂದೊಂದು ಸೆಂಟಿಮೀಟರ್ ಎಳೆಯುತ್ತಾ ಅಳತೆ ಬರೆಯಿರಿ. ತಂಪಾದ ತಗ್ಗು ತಿಂಗಳಿಂದ ತಿಂಗಳಿಗೆ ಹಾಸಿನ ಒಳಗೆ ಮುಂದೆ ಸರಿಯುತ್ತಿದ್ದರೆ ವೇಗವರ್ಧಕ ಮುಂಭಾಗದಿಂದ ಸಾಯುತ್ತಾ ಬರುತ್ತಿದೆ. ಅದು ವಿಷದ ಗುರುತು. ಎಲ್ಲ ಕಡೆ ಒಂದೇ ಸಮನೆ ದುರ್ಬಲವಾಗಿದ್ದರೆ ಹಿಂದೊಮ್ಮೆ 300 ಡಿಗ್ರಿ ದಾಟಿ ತಾಮ್ರದ ಕಣಗಳು ಅಂಟಿಕೊಂಡು ದಪ್ಪಗಾಗಿವೆ. ವೇಗವರ್ಧಕವನ್ನು ಬಿಚ್ಚದೆಯೇ ಅದರ ಮರಣಪತ್ರ ಬರೆಯುವ ವಿಧಾನ ಇದು.

ಉಷ್ಣಾಂಶ ಏರಿಸಿ ಪರಿವರ್ತನೆ ಸರಿಮಾಡುವುದು ಎಲ್ಲರಿಗೂ ಹೊಳೆಯುವ ಉಪಾಯ. ಮಾಡಬೇಡಿ. ಬಿಸಿ ಹೆಚ್ಚಾದಷ್ಟೂ ಕಾರ್ಬನ್ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಸೇರಿ ಕಾರ್ಬನ್ ಮಾನಾಕ್ಸೈಡ್ ಹೆಚ್ಚುತ್ತದೆ. ಹೈಡ್ರೋಜನ್ ಗಳಿಸಲು ಹೋಗಿ ವಿಷ ಗಳಿಸಿದಂತಾಗುತ್ತದೆ.

ಸುಳ್ಳು ಹೇಳುವ ಮೀಟರ್

ಶುದ್ಧಿ ಹಂತದ ನಂತರ ಕಾರ್ಬನ್ ಮಾನಾಕ್ಸೈಡ್ ಅಳೆಯಲು ಕೈಮೀಟರ್ ಹಿಡಿದು, 400 ಪಿಪಿಎಂ ಎಂದು ನೋಡಿ, ಎದೆ ಒಡೆದುಕೊಂಡವರನ್ನು ಕಂಡಿದ್ದೇನೆ. ಕೋಣೆಯ ಗಾಳಿಗೆಂದು ಮಾಡಿದ ವಿದ್ಯುದ್ರಾಸಾಯನಿಕ ಸಂವೇದಕ ಹೈಡ್ರೋಜನ್‌ಗೂ ಪ್ರತಿಕ್ರಿಯಿಸುತ್ತದೆ. ಮುಕ್ಕಾಲು ಭಾಗ ಹೈಡ್ರೋಜನ್ ಇರುವ ಅನಿಲದಲ್ಲಿ ಅದು ತೋರಿಸುವ ಅಂಕಿಗೆ ಅರ್ಥವೇ ಇಲ್ಲ. ಅವಕೆಂಪು ಬೆಳಕಿನ ವಿಶ್ಲೇಷಕ ಹೈಡ್ರೋಜನ್ ಅನ್ನು ಕಾಣುವುದಿಲ್ಲ. ಅನಿಲವನ್ನು ಒಣಗಿಸಿ ಅದರಲ್ಲಿ ಅಳೆಯಿರಿ. ಗ್ಯಾಸ್ ಕ್ರೊಮಟೋಗ್ರಾಫ್ (ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇದ್ದರೆ ಹೈಡ್ರೋಜನ್ ಅಳೆಯಲು ಆರ್ಗಾನ್ ವಾಹಕವಿರಲಿ. ಹೀಲಿಯಂನ ಶಾಖವಾಹಕತೆ ಹೈಡ್ರೋಜನ್‌ಗೆ ತೀರ ಹತ್ತಿರ, ಶಿಖರ ಚಿಕ್ಕದಾಗಿಯೋ ವಿಚಿತ್ರವಾಗಿಯೋ ಬರುತ್ತದೆ.

ಮೀಟರ್ ನಂಬಬಹುದಾದದ್ದು ಎಂದು ಖಚಿತವಾದ ಮೇಲೆ ಶುದ್ಧಿ ಹಂತಕ್ಕೆ ಬನ್ನಿ. ಗಾಳಿ ಬೆರೆಸಿ ಆಯ್ದು ಸುಡುವ ಹಂತವಾದರೆ ಕೊಡುವ ಗಾಳಿಯ ಪ್ರಮಾಣವೇ ಅದರ ಪ್ರಾಣ. ಕಡಿಮೆ ಕೊಟ್ಟರೆ ಮಾನಾಕ್ಸೈಡ್ ಉಳಿಯುತ್ತದೆ, ಹೆಚ್ಚು ಕೊಟ್ಟರೆ ಹೈಡ್ರೋಜನ್ ಉರಿದು ಹಾಸು ಕಾಯುತ್ತದೆ, ಕಾದ ಹಾಸಿನಲ್ಲಿ ಮಾನಾಕ್ಸೈಡ್ ಮತ್ತೆ ಹುಟ್ಟುತ್ತದೆ. ಪಲ್ಲಾಡಿಯಂ–ಬೆಳ್ಳಿ ಪೊರೆಯಿಂದ ಶುದ್ಧಿ ಮಾಡುವವರು ಒಂದನ್ನು ನೆನಪಿಡಿ: ತಣಿಸುವ ಮೊದಲು ಪೊರೆಯ ಎರಡೂ ಬದಿಯ ಹೈಡ್ರೋಜನ್ ತೆಗೆದುಹಾಕಿ. ಹೈಡ್ರೋಜನ್ ಹೀರಿದ ಪಲ್ಲಾಡಿಯಂ ತಣಿಯುವಾಗ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ.

ಬರ್ನರ್ ಸುತ್ತು

ಈ ದೋಷ ಪಾಠಪುಸ್ತಕದಲ್ಲಿ ಕಾಣದು, ಆದರೆ ಘಟಕವನ್ನು ಪೂರ್ತಿಯಾಗಿ ಜೋಡಿಸಿದ ದಿನ ತಪ್ಪದೆ ಹಾಜರಾಗುತ್ತದೆ. ಸ್ಟ್ಯಾಕ್ ಬಳಸದೆ ಬಿಟ್ಟ ಹೈಡ್ರೋಜನ್ ಬರ್ನರಿಗೆ ಹೋಗಿ ರಿಫಾರ್ಮರನ್ನು ಕಾಯಿಸುತ್ತದೆ ಎಂದುಕೊಳ್ಳಿ. ಜಾಣ ವ್ಯವಸ್ಥೆ. ಈಗ ಯಾವುದೋ ಕಾರಣಕ್ಕೆ ಹೊರೆ ಇಳಿಯಿತು. ಸ್ಟ್ಯಾಕ್ ಕಡಿಮೆ ತಿಂದಿತು, ಬರ್ನರಿಗೆ ಹೆಚ್ಚು ಬಂತು, ರಿಫಾರ್ಮರ್ ಕಾದಿತು, ಮಾನಾಕ್ಸೈಡ್ ಏರಿತು, ಸ್ಟ್ಯಾಕ್‌ನ ವೋಲ್ಟೇಜ್ ಬಿತ್ತು, ರಕ್ಷಣಾ ಸರ್ಕ್ಯೂಟ್ ಹೊರೆಯನ್ನು ಇನ್ನಷ್ಟು ಇಳಿಸಿತು. ಮತ್ತೆ ಬರ್ನರಿಗೆ ಇನ್ನಷ್ಟು. ಹತ್ತಿಪ್ಪತ್ತು ನಿಮಿಷಗಳಲ್ಲಿ ಘಟಕ ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ನಿಲ್ಲುತ್ತದೆ. ಹೊರೆ ದಿಢೀರ್ ಏರಿದರೆ ಇದರ ತಿರುಗು: ಬರ್ನರ್ ಹಸಿಯುತ್ತದೆ, ಹಾಸು ತಣಿಯುತ್ತದೆ, ಮೆಥನಾಲ್ ಬದಲಾಗದೆ ದಾಟುತ್ತದೆ, ಹೈಡ್ರೋಜನ್ ಸಾಲದೆ ಕೊನೆಯ ಕೋಶಗಳು ಹಸಿಯುತ್ತವೆ.

ಪ್ರತಿಯೊಂದು ಭಾಗವನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಇರುವುದರಿಂದ ಈ ದೋಷ ಜನರನ್ನು ವಾರಗಟ್ಟಲೆ ಸತಾಯಿಸುತ್ತದೆ. ಪತ್ತೆಗೆ ಒಂದೇ ದಾರಿ: ಹೊರೆ, ಬರ್ನರ್ ಉಷ್ಣಾಂಶ, ಮಾನಾಕ್ಸೈಡ್ ಈ ಮೂರನ್ನೂ ಒಂದೇ ಕಾಲರೇಖೆಯ ಮೇಲೆ ಬರೆದು, ಮೊದಲು ಕದಲಿದ್ದು ಯಾವುದೆಂದು ನೋಡುವುದು. ಪರಿಹಾರ ಕೂಡ ಸ್ಟ್ಯಾಕ್‌ನಲ್ಲಿಲ್ಲ. ಬರ್ನರಿಗೆ ಹೆಚ್ಚುವರಿ ಗಾಳಿ ಕೊಟ್ಟು ತಣಿಸುವ ವ್ಯವಸ್ಥೆ, ಸ್ವಲ್ಪ ನೇರ ಮೆಥನಾಲ್ ಕೊಡುವ ಇನ್ನೊಂದು ಕೊಳವೆ, ಹೊರೆಯ ಏರಿಳಿತವನ್ನು ನುಂಗಿಕೊಳ್ಳಲು ಒಂದು ಬ್ಯಾಟರಿ ಬೇಕು. 2002ರಲ್ಲಿ ಡೈಮ್ಲರ್‌ಕ್ರೈಸ್ಲರ್ ಕಂಪನಿಯ ನೆಕಾರ್ 5 ಕಾರು ತನ್ನೊಳಗೇ ಮೆಥನಾಲ್ ರಿಫಾರ್ಮರ್ ಇಟ್ಟುಕೊಂಡು ಸ್ಯಾನ್ ಫ್ರಾನ್ಸಿಸ್ಕೋದಿಂದ ವಾಷಿಂಗ್ಟನ್‌ವರೆಗೆ 5,000 ಕಿಲೋಮೀಟರಿಗೂ ಹೆಚ್ಚು ಓಡಿತ್ತು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಒಳಗೆ ಈ ಸುತ್ತನ್ನು ಹಿಡಿದು ನಿಲ್ಲಿಸಿದವರ ಪಾಡನ್ನು ಊಹಿಸಿಕೊಂಡರೆ, ನಮ್ಮ ಮೂಲೆಯಲ್ಲಿ ಕೂತ 1 ಕಿಲೋವಾಟ್ ಪೆಟ್ಟಿಗೆಯ ಮೇಲೆ ಸಿಟ್ಟು ಇಳಿಯುತ್ತದೆ.

ಅಮೋನಿಯಾ ಕಡೆ

ಇಲ್ಲಿ ಇಂಗಾಲವೇ ಇಲ್ಲ, ಹಾಗಾಗಿ ಮಾನಾಕ್ಸೈಡ್ ಚಿಂತೆಯಿಲ್ಲ. ಉಳಿದ ಅಮೋನಿಯಾದ ಚಿಂತೆ ಮಾತ್ರ, ಅದು ಸಾಕಷ್ಟು ದೊಡ್ಡದು.

ಕ್ರ್ಯಾಕರ್ ಎಷ್ಟೇ ಚೆನ್ನಾಗಿದ್ದರೂ ಉಷ್ಣಗತಿಶಾಸ್ತ್ರ ಒಂದಿಷ್ಟು ಅಮೋನಿಯಾವನ್ನು ಬಿಟ್ಟೇ ಬಿಡುತ್ತದೆ. ವಾತಾವರಣದ ಒತ್ತಡದಲ್ಲಿ, 400 ಡಿಗ್ರಿಯಲ್ಲಿ ಸುಮಾರು 4,000 ಪಿಪಿಎಂ, 500 ಡಿಗ್ರಿಯಲ್ಲಿ 1,200ರ ಹತ್ತಿರ, 600ರಲ್ಲೂ ಕೆಲವು ನೂರು. ಒತ್ತಡ ಹೆಚ್ಚಿಸಿದರೆ ಅದೇ ಪ್ರಮಾಣದಲ್ಲಿ ಇದೂ ಏರುತ್ತದೆ. ಪೊರೆಗೆ ಬೇಕಾದದ್ದು 0.1ಕ್ಕಿಂತ ಕಡಿಮೆ. ಆದ್ದರಿಂದ "ಕ್ರ್ಯಾಕರ್ ಕೆಟ್ಟಿದೆ" ಎನ್ನುವ ಮೊದಲು, ನೀವು ಕಾಣುತ್ತಿರುವ ಅಂಕಿ ಸಮತೋಲನದ ಅಂಕಿಯೋ ಅದಕ್ಕಿಂತ ಹತ್ತು ಪಟ್ಟೋ ಎಂದು ನೋಡಿ. ಮೊದಲನೆಯದಾದರೆ ಕ್ರ್ಯಾಕರ್ ಅಮಾಯಕ. ನಂತರದ, ಉಳಿದ ಅಮೋನಿಯಾ ಹಿಡಿಯುವ ಹೀರುಕ ಪಾತ್ರೆ ತುಂಬಿದೆ, ಇಲ್ಲವೇ ಅದರ ಜಿಯೋಲೈಟ್ (ಸೂಕ್ಷ್ಮ ರಂಧ್ರಗಳ ಖನಿಜ) ಗಾಳಿಯ ತೇವ ಹೀರಿ ಅಮೋನಿಯಾಗೆ ಜಾಗವಿಲ್ಲದಂತೆ ಕೂತಿದೆ. ಎರಡು ಹೀರುಕಗಳನ್ನು ಸಾಲಾಗಿ ಇಟ್ಟು ನಡುವೆ ಪರೀಕ್ಷಾ ಕೊಳವೆ ಇಡುವುದು ನನಗೆ ಒಗ್ಗಿದ ಪದ್ಧತಿ. ಮೊದಲನೆಯದು ಸೋತಾಗ ಎರಡನೆಯದು ಕಾಯುತ್ತದೆ.

ಪರೀಕ್ಷೆ ಸುಲಭ. ತೇವಗೊಳಿಸಿದ ಕೆಂಪು ಲಿಟ್ಮಸ್ ನೀಲಿಯಾಗುವುದು, ಫಿನಾಲ್ಫ್ತಲೀನ್ ಹನಿ ಹಾಕಿದ ನೀರಿನಲ್ಲಿ ಗುಳ್ಳೆ ಬಿಟ್ಟಾಗ ಗುಲಾಬಿಯಾಗುವುದು, ಇವೆಲ್ಲ ಹೈಸ್ಕೂಲಿನವು, ಇಂದಿಗೂ ಕೆಲಸಕ್ಕೆ ಬರುತ್ತವೆ. ಆದರೆ ಇವು "ಇದೆ" ಎನ್ನುತ್ತವೆ. "ಇಲ್ಲ" ಎಂದು ಹೇಳುವಷ್ಟು ಸೂಕ್ಷ್ಮವಲ್ಲ. ಮಲ್ಪೆ, ಮಂಗಳೂರು ಬಂದರಿನ ಐಸ್ ಪ್ಲಾಂಟುಗಳಲ್ಲಿ ಕೆಲಸ ಮಾಡಿದವರ ಮೂಗು ಕೂಡ 0.1 ಪಿಪಿಎಂ ಹಿಡಿಯಲಾರದು. ಅನಿಲವನ್ನು ಬೋರಿಕ್ ಆಮ್ಲದ ದ್ರಾವಣದಲ್ಲಿ ಗಂಟೆಗಟ್ಟಲೆ ಹಾಯಿಸಿ, ಹಿಡಿದದ್ದನ್ನು ಟೈಟ್ರೇಷನ್ ಮಾಡಿದರೆ ತಕ್ಕಮಟ್ಟಿನ ಉತ್ತರ ಸಿಗುತ್ತದೆ.

ಅಂಕಿ ನಿಜವಾಗಿಯೂ ಸಮತೋಲನಕ್ಕಿಂತ ಬಹಳ ಮೇಲಿದ್ದರೆ ಮೊದಲು ಹರಿವು ಪರೀಕ್ಷಿಸಿ. ನೈಟ್ರೋಜನ್‌ಗೆ ಮಾಪನಗೊಳಿಸಿದ ಉಷ್ಣ ಹರಿವು ನಿಯಂತ್ರಕ ಅಮೋನಿಯಾಗೆ 10 ಎಂದು ತೋರಿಸುವಾಗ ನಿಜದಲ್ಲಿ ಹರಿಯುತ್ತಿರುವುದು ಸುಮಾರು 7.3. ಯಾರೋ ತಿದ್ದುಪಡಿಯನ್ನು ಎರಡು ಬಾರಿ ಹಾಕಿರುತ್ತಾರೆ, ಇಲ್ಲವೇ ತಿರುಗಾಮುರುಗಾ ಹಾಕಿರುತ್ತಾರೆ. ಆಮೇಲೆ ಥರ್ಮೋಕಪಲ್. 850 ಡಿಗ್ರಿಯ ನಿಕ್ಕಲ್ ಕ್ರ್ಯಾಕರಿನಲ್ಲಿ ಕೆ ಮಾದರಿಯ ಥರ್ಮೋಕಪಲ್ ಆಮ್ಲಜನಕ ವಿರಳವಾದ ಅನಿಲದಲ್ಲಿ ಕ್ರೋಮಿಯಂ ಕಳೆದುಕೊಂಡು ಹಸಿರು ತಿರುಗುತ್ತದೆ, ದಿನಗಳೆದಂತೆ ಕಡಿಮೆ ತೋರಿಸುತ್ತದೆ. ನಿಯಂತ್ರಕ ಇನ್ನಷ್ಟು ಕಾಯಿಸುತ್ತದೆ. ಹೊರಗಿನ ಪರದೆಯಲ್ಲಿ 850, ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಹೀಟರ್ ಎಳೆಯುವ ವಿದ್ಯುತ್ ತಿಂಗಳುಗಟ್ಟಲೆ ಏರುತ್ತಾ ಹೋಗಿದ್ದರೆ ಇದನ್ನೇ ಅನುಮಾನಿಸಿ. ಎನ್ ಮಾದರಿಯದು ಈ ರೋಗಕ್ಕೆ ಗಟ್ಟಿ.

ಸಿಲಿಂಡರ್ ಮುಗಿಯುವ ಹೊತ್ತಿಗೇ ಪ್ರತಿ ಸಲ ತೊಂದರೆಯೇ? ಹಾಗಾದರೆ ಸಿಲಿಂಡರಿನ ತಳದಲ್ಲಿ ಉತ್ತರವಿದೆ. ಅಮೋನಿಯಾ ಆವಿಯಾಗಿ ಹೋದಂತೆ ಅದರಲ್ಲಿದ್ದ ನೀರು, ಕಂಪ್ರೆಸರ್ ಎಣ್ಣೆ ಕೆಳಗೆ ಉಳಿದು ಅವುಗಳ ಪಾಲು ಹೆಚ್ಚುತ್ತಾ ಬರುತ್ತದೆ. ಕೊನೆಯ ಹತ್ತನೆಯ ಒಂದು ಪಾಲನ್ನು ಬಿಡುವುದು ನಷ್ಟವಲ್ಲ. ಮತ್ತೊಂದು: ನಡುವಿನಲ್ಲಿ ಹರಿವು ಸೊರಗಿ, ಸಿಲಿಂಡರ್ ಹೊರಗೆ ಬೆವರು, ಆಮೇಲೆ ಹಿಮ ಕಾಣಿಸಿದರೆ ಅದು ತನ್ನ ಚಳಿಗೆ ತಾನೇ ಮುದುಡಿದೆ. 1 ಕಿಲೋವಾಟ್‌ಗೆ ಬೇಕಾದ ನಿಮಿಷಕ್ಕೆ 5 ಗ್ರಾಂ ಆವಿಯಾಗಲು ಸುಮಾರು 100 ವಾಟ್ ಶಾಖ ಬೇಕು, ಅದನ್ನು ಕೋಣೆಯ ಗಾಳಿಯಿಂದಲೇ ಎಳೆಯಬೇಕು. ದೊಡ್ಡ ಸಿಲಿಂಡರ್ ಬಳಸಿ, ಇಲ್ಲವೇ ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ. ಬೆಂಕಿಯ ಹತ್ತಿರ ಸುಳಿಯಬೇಡಿ.

ಹಿತ್ತಾಳೆಯ ಫಿಟ್ಟಿಂಗ್ ಎಲ್ಲಿಯಾದರೂ ಒಂದಿದ್ದರೆ ಅದನ್ನು ಇವತ್ತೇ ತೆಗೆಯಿರಿ. ಅಮೋನಿಯಾ ಅದನ್ನು ಬಿರುಕು ಬಿಡಿಸುತ್ತದೆ, ಅದೂ ಮುನ್ಸೂಚನೆ ಕೊಡದೆ.

ಕರ್ಪೂರದಂಥ ಪುಡಿ

ನಾನು ಕೆಲಸ ಮಾಡುತ್ತಿದ್ದ ಪ್ರಯೋಗಾಲಯವೊಂದರಲ್ಲಿ ಎರಡೂ ಘಟಕಗಳು ಒಂದೇ ಕೋಣೆಯಲ್ಲಿದ್ದವು. ಅಮೋನಿಯಾ ಕಡೆಯ ಸ್ಟ್ಯಾಕ್ ಗರಗಸದ ಹಲ್ಲಿನಂತೆ ಇಳಿಯುತ್ತಿತ್ತು, ಆದರೆ ಪರ್ಜ್ ಮಾಡಿದಾಗ ಏರಬೇಕಾದಷ್ಟು ಏರುತ್ತಿರಲಿಲ್ಲ. ವಾರ ಕಳೆದಂತೆ ಪರ್ಜ್ ಮಾಡಿಯೂ ಉಪಯೋಗವಿಲ್ಲ ಎನ್ನುವಂತಾಯಿತು. ರೋಧ ಅಳೆದೆವು, ಸರಿಯಿತ್ತು. ಹೀರುಕ ಬದಲಾಯಿಸಿದೆವು, ಪ್ರಯೋಜನವಾಗಲಿಲ್ಲ. ತಾಳ್ಮೆಗೆಟ್ಟು ಸ್ಟ್ಯಾಕ್ ಬಿಚ್ಚಿದೆವು. ಒಳಗೆ ಅದು ಕನ್ನಡಿಯಂತಿತ್ತು.

ಕೊನೆಗೆ ಪತ್ತೆ ಮಾಡಿದ್ದು ಕೊಳಾಯಿ ಕೆಲಸಕ್ಕೆ ಬರುತ್ತಿದ್ದ ಹಿರಿಯರು. "ಸರ್, ಈ ಪೈಪು ಉಸಿರಾಡುತ್ತಿಲ್ಲ" ಎಂದು ಗೋಡೆಯ ಹತ್ತಿರದ ಬಾಗುವಿಕೆಯನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಗೋಡೆಯಲ್ಲಿ ಒಂದೇ ತೂತು ಇದ್ದುದರಿಂದ ಎರಡೂ ಘಟಕಗಳ ಹೊರಹರಿವಿನ ಕೊಳವೆಗಳನ್ನು ಅಲ್ಲಿ ಯಾರೋ ಒಂದು ಮಾಡಿದ್ದರು. ಬಿಚ್ಚಿದಾಗ ಒಳಗೆ ಕರ್ಪೂರದ ಪುಡಿಯಂಥ ಬಿಳಿ ಗಟ್ಟಿ, ಮೂಗಿಗೆ ಘಾಟು. ಕ್ರ್ಯಾಕರ್ ಕಾಯುವ ಹೊತ್ತಿನಲ್ಲಿ ಹೊರಗೆ ಬಿಡುತ್ತಿದ್ದ ಅಮೋನಿಯಾ, ಪಕ್ಕದ ರಿಫಾರ್ಮರ್‌ನ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ತಣ್ಣನೆಯ ಬಾಗಿನಲ್ಲಿ ಅಮೋನಿಯಂ ಕಾರ್ಬಮೇಟ್, ತೇವ ಸಿಕ್ಕಲ್ಲಿ ಬೈಕಾರ್ಬೋನೇಟ್ ಆಗಿ ಕೂತಿತ್ತು. ಹಿಂದಿನ ಕಾಲದಲ್ಲಿ ಮೂರ್ಛೆ ಹೋದವರಿಗೆ ಮೂಸಲು ಕೊಡುತ್ತಿದ್ದ ಉಪ್ಪಿನ ಬಳಗದ್ದೇ. ದಾರಿ ಕಟ್ಟಿದ್ದರಿಂದ ಪರ್ಜ್ ಮಾಡಿದಾಗ ನೈಟ್ರೋಜನ್ ಹೊರಗೆ ಹೋಗಲು ಜಾಗವೇ ಇರಲಿಲ್ಲ. ಕೊಳವೆಯ ಹೊರಗಿನಿಂದ ಬಿಸಿನೀರು ಸುರಿದೆವು. 60 ಡಿಗ್ರಿ ಹತ್ತಿರ ಬಂದಂತೆ ಪುಡಿ ಅನಿಲವಾಗಿ ಮಾಯವಾಯಿತು. ಗೋಡೆಯಲ್ಲಿ ಇನ್ನೊಂದು ತೂತು ಕೊರೆಸಿ ಎರಡು ಕೊಳವೆಗಳನ್ನು ಬೇರೆ ಮಾಡಿದೆವು. ಈ ಕೆಲಸಕ್ಕೆ ಅರ್ಧ ದಿನ ಸಾಕಾಯಿತು. ವೃಥಾ ಬಿಚ್ಚಿದ್ದ ಸ್ಟ್ಯಾಕ್‌ನ ಗ್ಯಾಸ್ಕೆಟ್ ಸೋರಿಕೆ ನಿಲ್ಲಿಸಲು ಮಾತ್ರ ಇನ್ನೂ ಮೂರು ದಿನ ಹಿಡಿಯಿತು.